ರುಜು ಇಲ್ಲದ ಕೆಲಸ

ಒಂದು ಜರ್ನಲ್‌ನವರು ರಿವ್ಯೂ ಮಾಡಿಕೊಡಿ ಎಂದು ನಿನಗೆ ಮೊದಲ ಸಲ ಪತ್ರ ಬರೆದಿದ್ದಾರೆ ಎಂದು ಕೇಳಿ ಖುಷಿಯಾಯಿತಮ್ಮ. ಪಿಎಚ್‌ಡಿ ಮುಗಿಸಿದ ಮೇಲೆ ನಿನ್ನ ಪೇಪರನ್ನು ಯಾರೋ ಒಬ್ಬರು ನಿಜವಾಗಿ ಓದಿದ್ದಾರೆ ಎಂಬುದಕ್ಕೆ ಇಷ್ಟು ಸಾಕು. ಫೋನಿನಲ್ಲಿ ನೀನು ದುಡ್ಡು ಕೊಡುತ್ತಾರಾ, ಸರ್ಟಿಫಿಕೇಟ್ ಕೊಡುತ್ತಾರಾ ಎಂದು ಕೇಳಿದೆ. ದುಡ್ಡು ಸಾಮಾನ್ಯವಾಗಿ ಇಲ್ಲ. ಸರ್ಟಿಫಿಕೇಟ್ ಈಗೀಗ ಕೇಳದೆಯೂ ಬರುತ್ತದೆ, ಫೈಲಿಗೆ ಹಾಕಿಕೊಳ್ಳಬಹುದು. ಅವೆರಡೂ ಸಣ್ಣ ವಿಷಯ. ನೀನು ಬರೆದ ವರದಿಯ ಕೆಳಗೆ ನಿನ್ನ ಹೆಸರೇ ಇರುವುದಿಲ್ಲವಲ್ಲ, ನಾನು ಹೇಳಬೇಕಾದದ್ದೆಲ್ಲ ಅಲ್ಲಿಂದಲೇ ಶುರುವಾಗುತ್ತದೆ.

ಪ್ರಬಂಧ ಬರೆದವರಿಗೆ ನೀನು ಯಾರೆಂದು ತಿಳಿಯದು. ತಿಳಿದಿರುವುದು ಸಂಪಾದಕರೊಬ್ಬರಿಗೆ. ಅವರಿಗಾದರೂ ನೀನು ಪ್ರಬಂಧವನ್ನು ಕೂತು ಓದಿದೆಯೋ, ಬಸ್ಸಿನಲ್ಲಿ ಮೊಬೈಲ್ ಮೇಲೆ ಬೆರಳಾಡಿಸಿದೆಯೋ ಗೊತ್ತಾಗುವ ದಾರಿಯಿಲ್ಲ. ಚೆನ್ನಾಗಿ ಮಾಡಿದರೆ ಹೊಗಳುವವರಿಲ್ಲ, ಕೆಟ್ಟದಾಗಿ ಮಾಡಿದರೆ ಹಿಡಿಯುವವರಿಲ್ಲ. ನಮ್ಮ ವೃತ್ತಿಯಲ್ಲಿ ಪಾಠ, ಪರೀಕ್ಷೆ, ಪ್ರಮೋಷನ್, ಪ್ರಶಸ್ತಿ ಎಲ್ಲದಕ್ಕೂ ಒಂದು ರುಜು ಬೇಕು. ಇದೊಂದಕ್ಕೆ ಬೇಡ. ನಾನು ಸಂಖ್ಯಾಶಾಸ್ತ್ರದ ಮೇಷ್ಟ್ರು, ನಿನಗೆ ಗೊತ್ತೇ ಇದೆ. ಬೇರೆ ಬೇರೆ ವಿಭಾಗದವರು ಡೇಟಾ ಹಿಡಿದುಕೊಂಡು ನನ್ನ ಕೋಣೆಗೆ ಬರುತ್ತಿದ್ದರು. ಮೂವತ್ತು ಜನರ ಪ್ರಶ್ನಾವಳಿ ತಂದು, ಇದನ್ನೇ ಮುನ್ನೂರು ಮಾಡಿಕೊಡಿ ಸಾರ್, ಹೇಗೂ ಸರಾಸರಿ ಬದಲಾಗಲ್ಲವಲ್ಲ ಎಂದು ಮುಗ್ಧವಾಗಿ ಕೇಳಿದ ಮಹಾಶಯರೂ ಇದ್ದರು. ಹಾಗಾಗಿ ಈ ಲೋಕದ ಕಳ್ಳಾಟ ನನ್ನ ಕಣ್ಣಿಗೆ ಒಂದಿಷ್ಟು ಹೆಚ್ಚೇ ಬಿದ್ದಿದೆ. ಅದರ ಜೊತೆಗೆ ಒಳ್ಳೆಯದೂ ಬಿದ್ದಿದೆ. ಒಳ್ಳೆಯದನ್ನೇ ಮೊದಲು ಹೇಳುತ್ತೇನೆ.

1936ರ ಬೇಸಿಗೆಯಲ್ಲಿ ಐನ್‌ಸ್ಟೈನ್ ತಮ್ಮ ಸಹಾಯಕ ನೇಥನ್ ರೋಸೆನ್ ಜೊತೆ ಸೇರಿ ಒಂದು ಪ್ರಬಂಧ ಬರೆದು ಅಮೆರಿಕದ ಫಿಸಿಕಲ್ ರಿವ್ಯೂ ಪತ್ರಿಕೆಗೆ ಕಳಿಸಿದರು. ಗುರುತ್ವದ ಅಲೆಗಳು ಇರಲಾರವು ಎಂಬುದು ಅದರ ವಾದ. ಐನ್‌ಸ್ಟೈನ್ ಬರೆದದ್ದನ್ನು ತಿದ್ದುವವರು ಯಾರು? ಆದರೆ ಸಂಪಾದಕ ಜಾನ್ ಟೇಟ್ ಅದನ್ನು ಒಬ್ಬ ರೆಫರಿಗೆ, ಅಂದರೆ ನಿನ್ನ ಹಾಗೆ ರಿವ್ಯೂ ಮಾಡುವವರಿಗೆ, ಕಳಿಸಿಯೇಬಿಟ್ಟರು. ರೆಫರಿ ಸುಮಾರು ಹತ್ತು ಪುಟದ ಟೀಕೆ ಬರೆದು, ಲೆಕ್ಕ ಎಲ್ಲಿ ಜಾರಿದೆ ಎಂದು ತೋರಿಸಿದರು. ಐನ್‌ಸ್ಟೈನ್‌ಗೆ ಕೆಂಡದಂಥ ಕೋಪ ಬಂತು. ಅಚ್ಚು ಹಾಕಿ ಎಂದು ಕೊಟ್ಟೆ, ಇನ್ನೊಬ್ಬರಿಗೆ ತೋರಿಸಲು ನಿಮಗೆ ಅನುಮತಿ ಕೊಟ್ಟಿರಲಿಲ್ಲ ಎಂಬರ್ಥದ ಪತ್ರ ಬರೆದು ಪ್ರಬಂಧವನ್ನು ವಾಪಸ್ ಪಡೆದರು. ಮುಂದೆ ಆ ಪತ್ರಿಕೆಗೆ ಸಂಶೋಧನಾ ಪ್ರಬಂಧ ಕೊಡಲೇ ಇಲ್ಲ.

ರೆಫರಿ ಯಾರೆಂದರೆ, ಐನ್‌ಸ್ಟೈನ್ ಇದ್ದ ಪ್ರಿನ್ಸ್‌ಟನ್ ಊರಿನಲ್ಲೇ ಕೆಲಸ ಮಾಡುತ್ತಿದ್ದ ಹೊವರ್ಡ್ ಪರ್ಸಿ ರಾಬರ್ಟ್‌ಸನ್. ರಜೆ ಮುಗಿಸಿ ಊರಿಗೆ ಬಂದ ಅವರಿಗೆ ಐನ್‌ಸ್ಟೈನ್‌ರ ಹೊಸ ಸಹಾಯಕ ಇನ್‌ಫೆಲ್ಡ್‌ರ ಪರಿಚಯವಾಯಿತು. ಮಾತಿನ ನಡುವೆ ರಾಬರ್ಟ್‌ಸನ್ ಆ ವಾದದಲ್ಲಿ ದೋಷ ಎಲ್ಲಿರಬಹುದೆಂದು ಸ್ನೇಹಿತನಿಗೆ ವಿವರಿಸಿದರು. ಇನ್‌ಫೆಲ್ಡ್ ಮೂಲಕ ಅದು ಐನ್‌ಸ್ಟೈನ್‌ಗೆ ತಲುಪಿತು. ಪ್ರಬಂಧದ ತೀರ್ಮಾನವೇ ತಿರುವುಮುರುವಾಯಿತು, ತಿದ್ದಿದ ರೂಪದಲ್ಲಿ 1937ರಲ್ಲಿ ಬೇರೊಂದು ಪತ್ರಿಕೆಯಲ್ಲಿ ಬಂತು. ಆ ರೆಫರಿ ತಾನೇ ಎಂದು ರಾಬರ್ಟ್‌ಸನ್ ಇಬ್ಬರಿಗೂ ಹೇಳಲಿಲ್ಲ. ಜಗತ್ತಿಗೆ ಅದು ಖಚಿತವಾಗಿ ತಿಳಿದದ್ದು 2005ರಲ್ಲಿ, ಪತ್ರಿಕೆಯ ಹಳೆಯ ದಾಖಲೆ ಪುಸ್ತಕ ಸಿಕ್ಕಿದ ಮೇಲೆ. ಹತ್ತು ವರ್ಷ ಕಳೆದು, 2015ರಲ್ಲಿ ಗುರುತ್ವದ ಅಲೆಗಳೂ ಸಿಕ್ಕವು. ಇವತ್ತಿನ ನಿಯಮದಲ್ಲಿ ರೆಫರಿ ಹೀಗೆ ಲೇಖಕರ ಆಪ್ತರ ಜೊತೆ ಮಾತಿಗಿಳಿಯುವುದು ತಪ್ಪೇ. ಆದರೆ ಆ ಮನುಷ್ಯನ ಮನಸ್ಸು ನೋಡು. ಜಗತ್ಪ್ರಸಿದ್ಧನ ತಪ್ಪು ಹಿಡಿದೆ ಎಂದು ಊರಿಗೆಲ್ಲ ಸಾರುವ ಅವಕಾಶ ಕೈಯಲ್ಲಿತ್ತು. ಅವರಿಗೆ ಬೇಕಾಗಿದ್ದು ಲೆಕ್ಕ ಸರಿಹೋಗುವುದು, ಅಷ್ಟೇ.

ಹತ್ತು ಪುಟ ಬರೆ ಎನ್ನುತ್ತಿಲ್ಲ. ಆದರೆ ಓದುವಾಗ ಪಕ್ಕದಲ್ಲಿ ಒಂದು ಕ್ಯಾಲ್ಕುಲೇಟರ್ ಇಟ್ಟುಕೋ. ನಿನ್ನದು ಮನಃಶಾಸ್ತ್ರ. ನಿಮ್ಮಲ್ಲಿ ಒಂದರಿಂದ ಐದರವರೆಗೆ ಅಂಕ ಕೊಡುವ ಪ್ರಶ್ನಾವಳಿಗಳೇ ಹೆಚ್ಚು. ಒಂದು ಪ್ರಶ್ನೆಗೆ ಇಪ್ಪತ್ತು ಜನ ಉತ್ತರಿಸಿದ್ದಾರೆ, ಸರಾಸರಿ 3.47 ಎಂದು ಕೋಷ್ಟಕದಲ್ಲಿದೆ ಎಂದುಕೋ. ಇಪ್ಪತ್ತರಿಂದ ಗುಣಿಸು. 69.4 ಬರುತ್ತದೆ. ಎಲ್ಲರೂ ಪೂರ್ಣಾಂಕವನ್ನೇ ಕೊಟ್ಟಿರುವಾಗ ಒಟ್ಟು ಮೊತ್ತದಲ್ಲಿ ಈ ದಶಾಂಶ ಎಲ್ಲಿಂದ ಬಂತು? ಮೊತ್ತ 69 ಆದರೆ ಸರಾಸರಿ 3.45, 70 ಆದರೆ 3.50. ನಡುವಿನ 3.47 ಈ ಭೂಮಿಯ ಮೇಲೆ ಸಾಧ್ಯವಿಲ್ಲ. ನಿಕ್ ಬ್ರೌನ್, ಜೇಮ್ಸ್ ಹೀದರ್ಸ್ ಎಂಬಿಬ್ಬರು 2016ರಲ್ಲಿ ಇಷ್ಟೇ ಸರಳವಾದ ಲೆಕ್ಕವನ್ನು ಹೆಸರಾಂತ ಮನಃಶಾಸ್ತ್ರ ಪತ್ರಿಕೆಗಳ ಮೇಲೆ ಹಾಕಿ ನೋಡಿದರು. ಹೀಗೆ ಪರೀಕ್ಷಿಸಲು ಸಾಧ್ಯವಾದ 71 ಪ್ರಬಂಧಗಳಲ್ಲಿ ಸುಮಾರು ಅರ್ಧದಲ್ಲಿ ಒಂದಾದರೂ ಅಸಾಧ್ಯವಾದ ಅಂಕಿ ಸಿಕ್ಕಿತು. ಹೆಚ್ಚಿನವು ಟೈಪಿಂಗ್ ತಪ್ಪೋ, ಯಾರೋ ಉತ್ತರ ಬಿಟ್ಟದ್ದನ್ನು ನಮೂದಿಸದ ಮರೆವೋ ಇರಬಹುದು. ಎಲ್ಲರನ್ನೂ ಕಳ್ಳರೆನ್ನಬೇಡ. ನನಗೆ ಬೇಸರವಾಗುವುದು ಬೇರೆ ಕಾರಣಕ್ಕೆ. ಅವೆಲ್ಲವೂ ರೆಫರಿಗಳ ಕಣ್ಣೆದುರೇ ದಾಟಿ ಬಂದಿದ್ದವು. ಗುಣಾಕಾರ ಮಾಡುವ ವ್ಯವಧಾನ ಯಾರಿಗೂ ಇರಲಿಲ್ಲ.

ಇಂಥದ್ದು ಕಂಡರೆ ಬರೆಯುವ ರೀತಿ ಇದೆ. ಅಂಕಿ ಖೋಟಾ ಎಂದು ಬರೆಯಬೇಡ. ಎರಡನೆಯ ಕೋಷ್ಟಕದ ಮೂರನೆಯ ಸಾಲಿನ ಸರಾಸರಿ ಇಪ್ಪತ್ತು ಜನರ ಲೆಕ್ಕಕ್ಕೆ ಕೂಡಿಬರುತ್ತಿಲ್ಲ, ದಯವಿಟ್ಟು ಮೂಲ ಡೇಟಾ ನೋಡಿ ತಿಳಿಸಿ ಎಂದು ಬರೆ. ಅನುಮಾನ ಬಲವಾಗಿದ್ದರೆ ಅದನ್ನು ಸಂಪಾದಕರಿಗೆ ತಿಳಿಸು, ವಿಚಾರಣೆ ಅವರ ಕೆಲಸ. ರಿವ್ಯೂ ಫಾರಂನಲ್ಲಿ ಎರಡು ಚೌಕ ಇರುತ್ತವೆ, ಒಂದು ಲೇಖಕರಿಗೆ, ಇನ್ನೊಂದು ಸಂಪಾದಕರಿಗೆ ಮಾತ್ರ. ಎರಡನೆಯ ಚೌಕ ಇಂಥ ಸಂದರ್ಭಕ್ಕೆ ಇರುವುದು. ಆದರೆ ನಮ್ಮಲ್ಲಿ ಅನೇಕರು ಲೇಖಕರ ಚೌಕದಲ್ಲಿ ಬೆಣ್ಣೆಯಂಥ ಮಾತು ಬರೆದು, ಸಂಪಾದಕರ ಚೌಕದಲ್ಲಿ ಇದು ಕಸ, ತಿರಸ್ಕರಿಸಿ ಎನ್ನುತ್ತಾರೆ. ಪಾಪ, ಆ ಹುಡುಗನಿಗೆ ಹೊಗಳಿಕೆಯ ಜೊತೆಗೇ ತಿರಸ್ಕಾರದ ಪತ್ರ ಹೋಗುತ್ತದೆ. ಎಲ್ಲಿ ಎಡವಿದೆ ಎಂದು ತಿಳಿಯದೆ ತಲೆ ಕೆರೆದುಕೊಳ್ಳುತ್ತಾನೆ. ನಮ್ಮ ವಿಭಾಗದ ಪತ್ರಿಕೆಯನ್ನು ನಾನು ನೋಡಿಕೊಳ್ಳುತ್ತಿದ್ದ ಕಾಲದಲ್ಲಿ ಇಂಥ ವರದಿ ಬಂದರೆ ವಾಪಸ್ ಕಳಿಸಿ, ಎರಡೂ ಕಡೆ ಒಂದೇ ಮಾತು ಬರೆಯಿರಿ ಎನ್ನುತ್ತಿದ್ದೆ. ಒಂದಿಬ್ಬರು ಹಿರಿಯರು ಮುನಿಸಿಕೊಂಡರು.

ಇಂಗ್ಲಿಷ್ ಸರಿಯಿಲ್ಲ ಎಂಬ ಒಂದೇ ಕಾರಣಕ್ಕೆ ಯಾರನ್ನೂ ಹೀಯಾಳಿಸಬೇಡ. ಕನ್ನಡ ಮಾಧ್ಯಮದಲ್ಲಿ ಓದಿ ಬಂದವಳು ನೀನು, ನಿನಗೆ ಇದನ್ನು ಹೇಳಬೇಕಿಲ್ಲ. ನಿನ್ನ ಪೇಪರ್ ಉಲ್ಲೇಖಿಸಿಲ್ಲವೆಂದು ಸಿಟ್ಟಾಗಬೇಡ, ಉಲ್ಲೇಖಿಸಿ ಎಂದು ಒತ್ತಾಯಿಸಲೂ ಬೇಡ. ನಿಜಕ್ಕೂ ಅಗತ್ಯವಿದ್ದರೆ ಯಾಕೆ ಎಂದು ಒಂದು ಸಾಲು ಕಾರಣ ಕೊಡು. ರೆಫರಿಯ ಕುರ್ಚಿಯಲ್ಲಿ ಕೂತು ನನ್ನ ಪೇಪರ್‌ಗಳನ್ನು ಸೇರಿಸಿ ಎಂದು ಪಟ್ಟಿ ಕೊಡುವ ಚಾಳಿ ದೊಡ್ಡವರಲ್ಲೇ ಇದೆ. ಜಗತ್ತಿನಲ್ಲೇ ಅತಿ ಹೆಚ್ಚು ಉಲ್ಲೇಖಗೊಂಡವರ ಸಾಲಿನಲ್ಲಿದ್ದ ಒಬ್ಬ ವಿಜ್ಞಾನಿಯನ್ನು ಇದೇ ಕಾರಣಕ್ಕೆ ಒಂದು ಪತ್ರಿಕೆ ಸಂಪಾದಕ ಮಂಡಳಿಯಿಂದ ಹೊರಹಾಕಿದ್ದು 2020ರ ಹೊತ್ತಿಗೆ ಬಯಲಾಯಿತು.

ತಡ ಮಾಡಬೇಡ ಎನ್ನುವುದನ್ನು ಮಾತ್ರ ಸ್ವಲ್ಪ ಗಟ್ಟಿಯಾಗಿ ಹೇಳುತ್ತೇನೆ. ಮೂರು ವಾರ ಎಂದು ಒಪ್ಪಿಕೊಂಡು ಆರು ತಿಂಗಳು ಕೂತುಬಿಡುವವರು ನಮ್ಮಲ್ಲಿ ಗೌರವಾನ್ವಿತರೇ. ಅವರ ಮೇಜಿನ ಮೇಲೆ ಕೂತಿರುವುದು ಒಬ್ಬಳ ಫೆಲೋಶಿಪ್. ಅದರ ಅವಧಿ ಓಡುತ್ತಿರುತ್ತದೆ, ಮನೆಯಲ್ಲಿ ಮದುವೆ ಮಾತು ನಡೆಯುತ್ತಿರುತ್ತದೆ, ಇಲ್ಲಿ ರೆಫರಿ ಮಹಾಶಯರು ಬಿಡುವಾದಾಗ ನೋಡೋಣ ಎನ್ನುತ್ತಿರುತ್ತಾರೆ. ಆಗದಿದ್ದರೆ ಆಗುವುದಿಲ್ಲ ಎಂದು ಅವತ್ತೇ ಬರೆದುಬಿಡು. ವಿಷಯ ನಿನ್ನದಲ್ಲದಿದ್ದರೆ, ಬರೆದವರು ನಿನ್ನ ಗೈಡ್‌ನ ಗುಂಪಿನವರೆಂದು ಗೊತ್ತಾದರೆ, ಅಥವಾ ನೀನೂ ಅದೇ ಪ್ರಯೋಗ ಮಾಡುತ್ತಿದ್ದರೆ ಕೂಡ ಹಾಗೇ. ಆ ಕೊನೆಯದು ಎಷ್ಟು ದೊಡ್ಡ ಅನರ್ಥಕ್ಕೆ ದಾರಿ ಮಾಡೀತು ಎಂಬುದಕ್ಕೆ ಒಂದು ಕತೆ ಇದೆ. ಪೂರ್ತಿ ಕೇಳು.

ಹೆಲೆನಾ ವಾಕ್ಸ್‌ಲಿಕ್ಟ್ ರಾಡ್‌ಬಾರ್ಡ್ ಎಂಬ ಯುವ ಸಂಶೋಧಕಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಜೆಸ್ಸಿ ರಾಥ್ ಅವರ ಕೈಕೆಳಗೆ ಕೆಲಸ ಮಾಡುತ್ತಿದ್ದಳು. ಊಟ ಬಿಟ್ಟು ಕೃಶರಾಗುವ ಅನೊರೆಕ್ಸಿಯಾ ರೋಗಿಗಳ ರಕ್ತಕಣಗಳಿಗೆ ಇನ್ಸುಲಿನ್ ಹೇಗೆ ಅಂಟುತ್ತದೆ ಎಂಬುದು ಅವಳ ವಿಷಯ. 1978ರ ನವೆಂಬರ್‌ನಲ್ಲಿ ಪ್ರಬಂಧವನ್ನು ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ಗೆ ಕಳಿಸಿದಳು. ಪತ್ರಿಕೆ ಅದನ್ನು ರೆಫರಿಗಳಿಗೆ ಕಳಿಸಿತು. ಅವರಲ್ಲಿ ಒಬ್ಬರು ಯೇಲ್ ವಿಶ್ವವಿದ್ಯಾಲಯದ ಫಿಲಿಪ್ ಫೆಲಿಗ್, ಆ ಕ್ಷೇತ್ರದ ಘಟಾನುಘಟಿ. ಫೆಲಿಗ್ ಆ ಹಸ್ತಪ್ರತಿಯನ್ನು ತಮ್ಮ ಕಿರಿಯ ಸಹೋದ್ಯೋಗಿ ವಿಜಯ್ ಸೋಮನ್ ಕೈಗೆ ಕೊಟ್ಟರು. ಪುಣೆಯಿಂದ ಹೋಗಿದ್ದ ಸೋಮನ್ ಅದೇ ವಿಷಯದ ಮೇಲೆ ಕೆಲಸ ಹಚ್ಚಿಕೊಂಡಿದ್ದರು. ಫೆಲಿಗ್ ಪ್ರಬಂಧ ಬೇಡವೆಂದು ಬರೆದರು. 1979ರ ಜನವರಿ ಕೊನೆಯಲ್ಲಿ ಅವಳಿಗೆ ತಿರಸ್ಕಾರದ ಪತ್ರ ಬಂತು.

ಇಲ್ಲಿಗೆ ಕತೆ ಮುಗಿದಿದ್ದರೆ ಯಾರಿಗೂ ಏನೂ ತಿಳಿಯುತ್ತಿರಲಿಲ್ಲ. ಕೆಲವೇ ದಿನಗಳಲ್ಲಿ ಇನ್ನೊಂದು ಪತ್ರಿಕೆ ಜೆಸ್ಸಿ ರಾಥ್‌ಗೆ ಒಂದು ಪ್ರಬಂಧ ಕಳಿಸಿ ರಿವ್ಯೂ ಕೇಳಿತು. ಅವರು ಅದನ್ನು ಈ ಹುಡುಗಿಯ ಮೇಜಿನ ಮೇಲಿಟ್ಟರು. ಲೇಖಕರು ಸೋಮನ್ ಮತ್ತು ಫೆಲಿಗ್, ವಿಷಯ ಅನೊರೆಕ್ಸಿಯಾ ಮತ್ತು ಇನ್ಸುಲಿನ್. ಓದುತ್ತಾ ಹೋದರೆ ಅವಳದೇ ವಾಕ್ಯಗಳು, ಪದಕ್ಕೆ ಪದ. ಅವಳು ರೂಪಿಸಿದ್ದ ಒಂದು ಸಮೀಕರಣವೂ ಅಲ್ಲಿತ್ತು.

ಅವಳು ಸುಮ್ಮನಿರಲಿಲ್ಲ, ಎರಡೂ ಹಸ್ತಪ್ರತಿಗಳನ್ನಿಟ್ಟು ಸಂಪಾದಕರಿಗೆ ಬರೆದಳು. ದೊಡ್ಡವರು ಏನು ಮಾಡಿದರು ಗೊತ್ತಾ? ರಾಥ್ ಮತ್ತು ಫೆಲಿಗ್ ಹಳೆಯ ಸ್ನೇಹಿತರು. ಮಾತಾಡಿಕೊಂಡು ರಾಜಿ ಮಾಡಿದರು. ಅವಳ ಪ್ರಬಂಧ ಮೊದಲು ಬರಲಿ, ಸೋಮನ್‌ರದು ಆಮೇಲೆ ಬರಲಿ ಎಂದಾಯಿತು. ಅವಳದು ಅದೇ ವರ್ಷ ಪ್ರಕಟವೂ ಆಯಿತು. ನಮ್ಮ ಮನೆಗಳಲ್ಲಿ ಹೇಳುತ್ತಾರಲ್ಲ, ಆದದ್ದಾಯಿತು ಬಿಡಮ್ಮ ಅಂತ, ಅದೇ ಧಾಟಿ. ಅವಳು ಬಿಡಲಿಲ್ಲ. ವಾಕ್ಯ ಕದ್ದವನು ರೋಗಿಗಳ ಅಂಕಿಗಳನ್ನು ಮಾತ್ರ ಪ್ರಾಮಾಣಿಕವಾಗಿ ಬರೆದಾನೆಯೇ, ಆ ಪ್ರಯೋಗ ನಡೆದದ್ದಾದರೂ ನಿಜವೇ ಎಂಬುದು ಅವಳ ಪ್ರಶ್ನೆ. ಯೇಲ್‌ನ ಡೀನ್‌ಗೆ ಪತ್ರ ಬರೆದಳು. ಅಲ್ಲಿಯವರು ಮೇಲೆ ಮೇಲೆ ನೋಡಿ, ಸರಿಯಿದೆ ಎಂದರು. ಅವಳು ಮತ್ತೆ ಒತ್ತಾಯಿಸಿದಳು. ಈ ಜಗ್ಗಾಟದ ನಡುವೆಯೇ ಸಂಶೋಧನೆ ಬಿಟ್ಟು ಆಸ್ಪತ್ರೆಯ ವೈದ್ಯವೃತ್ತಿಗೆ ಹೋದಳು, ಆದರೆ ಪಟ್ಟು ಬಿಡಲಿಲ್ಲ. ಕೊನೆಗೆ 1980ರ ಫೆಬ್ರವರಿಯಲ್ಲಿ ಬಾಸ್ಟನ್‌ನಿಂದ ಜೆಫ್ರಿ ಫ್ಲಯರ್ ಎಂಬ ವೈದ್ಯರು ಬಂದು ಸೋಮನ್ ಎದುರು ಕೂತು ಡೇಟಾ ತೋರಿಸಿ ಎಂದರು. ಆರು ರೋಗಿಗಳ ಪೈಕಿ ಐವರ ಹಾಳೆಗಳಷ್ಟೇ ಸಿಕ್ಕವು. ಇದ್ದ ಅಂಕಿಗಳೂ ಅಚ್ಚಾದ ನಕ್ಷೆಗೆ ಹೊಂದಲಿಲ್ಲ. ಅಂಕಿ ತಿದ್ದಿದ್ದನ್ನು ಸೋಮನ್ ಒಪ್ಪಿಕೊಂಡರು. ಆಮೇಲೆ ಅವರ ಬೇರೆ ಪ್ರಬಂಧಗಳನ್ನೂ ಕೆದಕಿ ಹಲವನ್ನು ವಾಪಸ್ ಪಡೆಯಬೇಕಾಯಿತು. ಸೋಮನ್ ಭಾರತಕ್ಕೆ ಮರಳಿದರು. ಕೊಲಂಬಿಯಾ ವಿಶ್ವವಿದ್ಯಾಲಯದ ದೊಡ್ಡ ಹುದ್ದೆಗೆ ಆಗಷ್ಟೇ ಹೋಗಿದ್ದ ಫೆಲಿಗ್ ಅದನ್ನು ಬಿಡಬೇಕಾಯಿತು.

ಈ ಕತೆಯಲ್ಲಿ ನನ್ನ ಮನಸ್ಸು ಹೆಚ್ಚು ತಡೆಯುವುದು ಸೋಮನ್ ಹತ್ತಿರ ಅಲ್ಲ. ಕದ್ದವನದು ಸರಳ ತಪ್ಪು, ಅದಕ್ಕೆ ಬುದ್ಧಿಮಾತು ಬೇಕಿಲ್ಲ. ಫೆಲಿಗ್ ಮಾಡಿದ್ದು ಏನು? ಒಂದು ಹಸ್ತಪ್ರತಿಯನ್ನು ಪಕ್ಕದ ಕೋಣೆಯವನಿಗೆ ಕೊಟ್ಟರು. ಎಂಥ ಸಣ್ಣ ಕೆಲಸ! ನಮ್ಮ ವಿಭಾಗಗಳಲ್ಲಿ ದಿನಾ ನಡೆಯುತ್ತದೆ. ಸಾಹೇಬರಿಗೆ ರಿವ್ಯೂ ಬರುತ್ತದೆ, ಸಾಹೇಬರು ಸ್ಕಾಲರ್‌ಗೆ ದಾಟಿಸುತ್ತಾರೆ, ಸ್ಕಾಲರ್ ಬರೆದದ್ದಕ್ಕೆ ಸಾಹೇಬರ ಹೆಸರು. ರಾಥ್ ಕೂಡ ಅದನ್ನೇ ಮಾಡಿದ್ದರು, ಕಾಕತಾಳೀಯವಾಗಿ ಅದರಿಂದಲೇ ಕಳ್ಳತನ ಬಯಲಾಯಿತು ಎಂಬುದು ಬೇರೆ ಮಾತು. ನಿನಗೆ ಯಾರಾದರೂ ಹೀಗೆ ದಾಟಿಸಿದರೆ, ಬರೆದುಕೊಡುತ್ತೇನೆ ಸಾರ್, ನಾನು ಸಹಾಯ ಮಾಡಿದೆ ಎಂದು ಎಡಿಟರ್‌ಗೆ ತಿಳಿಸಿಬಿಡಿ ಎಂದು ವಿನಯವಾಗಿಯೇ ಕೇಳು. ಅದು ನಿನ್ನ ಹಕ್ಕು, ಪತ್ರಿಕೆಯ ನಿಯಮವೂ ಸಾಮಾನ್ಯವಾಗಿ ಅದೇ. ನಿನ್ನ ಕೈಗೆ ನೇರವಾಗಿ ಬಂದ ಪ್ರಬಂಧ ನಿನ್ನ ಕಂಪ್ಯೂಟರ್ ದಾಟಬಾರದು. ಪ್ರಕಟವಾಗುವವರೆಗೆ ಅದರಲ್ಲಿರುವ ಒಂದು ಉಪಾಯವನ್ನೂ ನಿನ್ನ ಕೆಲಸಕ್ಕೆ ತೆಗೆದುಕೊಳ್ಳಬಾರದು.

ಈಗ ಪಕ್ಕದ ಕೋಣೆಯವನ ಜಾಗಕ್ಕೆ ಚಾಟ್‌ಜಿಪಿಟಿ ಬಂದಿದೆ. ಪ್ರಬಂಧವನ್ನು ಅದಕ್ಕೆ ಹಾಕಿ ರಿವ್ಯೂ ಬರೆ ಎಂದರೆ ಅರ್ಧ ನಿಮಿಷದಲ್ಲಿ ಸೊಗಸಾದ ಇಂಗ್ಲಿಷ್‌ನಲ್ಲಿ ಬರೆದುಕೊಡುತ್ತದೆ. ಆದರೆ ಇನ್ನೂ ಬೆಳಕು ಕಾಣದ ಒಬ್ಬರ ಕೆಲಸವನ್ನು ಅಪರಿಚಿತ ಕಂಪನಿಯ ಯಂತ್ರಕ್ಕೆ ಹಾಕುವುದು, ಫೆಲಿಗ್ ಹಸ್ತಪ್ರತಿ ದಾಟಿಸಿದ್ದಕ್ಕಿಂತ ಯಾವ ಲೆಕ್ಕದಲ್ಲಿ ಮೇಲು? ಹೆಲೆನಾ ಕೆಲಸ ಮಾಡುತ್ತಿದ್ದ ಅದೇ ಆರೋಗ್ಯ ಸಂಸ್ಥೆ 2023ರಲ್ಲಿ ಅನುದಾನದ ಅರ್ಜಿಗಳ ವಿಮರ್ಶೆಗೆ ಇಂಥ ಯಂತ್ರಗಳನ್ನು ಬಳಸಬಾರದೆಂದು ಆದೇಶ ಮಾಡಿತು. ಹಸ್ತಪ್ರತಿಯನ್ನು ಅವಕ್ಕೆ ಹಾಕಬೇಡಿ ಎಂದು ದೊಡ್ಡ ಪ್ರಕಾಶಕರೂ ಹೇಳಿದ್ದಾರೆ. ಕೇಳುವವರು ಯಾರು? 2025ರಲ್ಲಿ ಜಪಾನಿನ ನಿಕ್ಕೇ ಪತ್ರಿಕೆ ಒಂದು ತಮಾಷೆ ಬಯಲು ಮಾಡಿತು. ಕೆಲವು ಪ್ರಬಂಧಗಳಲ್ಲಿ ಬಿಳಿ ಹಾಳೆಯ ಮೇಲೆ ಬಿಳಿ ಅಕ್ಷರದಲ್ಲಿ, ಮನುಷ್ಯರಿಗೆ ಕಾಣದ ಹಾಗೆ, ಒಳ್ಳೆಯ ಅಭಿಪ್ರಾಯವನ್ನೇ ಕೊಡು ಎಂದು ಯಂತ್ರಕ್ಕೆ ಅಪ್ಪಣೆ ಬರೆದಿಡಲಾಗಿತ್ತು. ರೆಫರಿ ಓದುವುದಿಲ್ಲವೆಂದು ಲೇಖಕನಿಗೆ ಖಾತ್ರಿ. ಇಬ್ಬರೂ ಸೇರಿ ಯಂತ್ರದ ಬಾಯಲ್ಲಿ ಮಾತಾಡಿಸುತ್ತಿದ್ದಾರೆ. ನಗಬೇಕೋ ಅಳಬೇಕೋ ನೀನೇ ಹೇಳು.

ರೆಫರಿಯ ಮಾತು ಇಷ್ಟಾಯಿತು. ನೀನು ಲೇಖಕಿಯೂ ಹೌದು, ಆ ಕಡೆಯ ಕೊಳಕು ಇನ್ನೂ ದೊಡ್ಡದು. ನಮ್ಮ ದೇಶದಲ್ಲಿ ಅದನ್ನು ಬೆಳೆಸಿದ್ದರಲ್ಲಿ ನಿಯಮ ಮಾಡಿದವರ ಪಾಲೂ ಇದೆ ಎಂಬುದು ನನ್ನ ಖಚಿತ ಅಭಿಪ್ರಾಯ. ವಿಶ್ವವಿದ್ಯಾಲಯ ಅನುದಾನ ಆಯೋಗ, ಅಂದರೆ ಯುಜಿಸಿ, 2010ರಲ್ಲಿ ಎಪಿಐ ಎಂಬ ಸಾಧನೆಯ ಅಂಕ ತಂದಿತು, ಮೇಷ್ಟ್ರುಗಳ ಬಡ್ತಿ ಪೇಪರ್ ಎಣಿಕೆಗೆ ಅಂಟಿಕೊಂಡಿತು. 2009ರ ನಿಯಮದಲ್ಲೇ ಪಿಎಚ್‌ಡಿ ಪ್ರಬಂಧ ಸಲ್ಲಿಸುವ ಮೊದಲು ಒಂದು ಪೇಪರ್ ಕಡ್ಡಾಯವಾಗಿತ್ತು. ಕಾಲೇಜಿನಲ್ಲಿ ವಾರಪೂರ್ತಿ ಪಾಠ, ಲೈಬ್ರರಿಯಲ್ಲಿ ಪತ್ರಿಕೆಗಳಿಲ್ಲ, ಲ್ಯಾಬಿನಲ್ಲಿ ಸಾಮಾನಿಲ್ಲ, ಆದರೂ ಪೇಪರ್ ಬೇಕು. ಬೇಕು ಎಂದವರಿದ್ದ ಕಡೆ ಮಾರುವವರು ಬಂದೇ ಬರುತ್ತಾರೆ. ಬೆಳಿಗ್ಗೆ ದುಡ್ಡು ಕಟ್ಟಿದರೆ ಸಂಜೆಗೆ ಅಕ್ಸೆಪ್ಟೆನ್ಸ್, ಐಎಸ್‌ಎಸ್‌ಎನ್ ಇದೆ, ಸರ್ಟಿಫಿಕೇಟ್ ಇದೆ, ಹೆಸರಿಗೆ ಇಂಟರ್‌ನ್ಯಾಷನಲ್, ಆಫೀಸು ಯಾವುದೋ ಗಲ್ಲಿಯ ಮಹಡಿ ಮೇಲೆ. ಐಎಸ್‌ಎಸ್‌ಎನ್ ಎನ್ನುವುದು ಪತ್ರಿಕೆಗೆ ಕೊಡುವ ಗುರುತಿನ ಸಂಖ್ಯೆ ಅಷ್ಟೇ, ಗುಣಕ್ಕೆ ಕೊಟ್ಟ ಮುದ್ರೆಯಲ್ಲ ಎಂದು ಎಷ್ಟು ಜನರಿಗೆ ಹೇಳಿ ಸುಸ್ತಾಗಿದ್ದೇನೋ.

2013ರಲ್ಲಿ ಜಾನ್ ಬೋಹಾನನ್ ಎಂಬ ಪತ್ರಕರ್ತ ಕಲ್ಲುಹೂವಿನಿಂದ ತೆಗೆದ ರಾಸಾಯನಿಕವೊಂದು ಕ್ಯಾನ್ಸರ್ ಕಣಗಳನ್ನು ತಡೆಯುತ್ತದೆ ಎಂಬ ಸುಳ್ಳು ಪ್ರಬಂಧವನ್ನು, ಇಲ್ಲದ ಸಂಸ್ಥೆಗಳ ಇಲ್ಲದ ವಿಜ್ಞಾನಿಗಳ ಹೆಸರಿನಲ್ಲಿ, 304 ಪತ್ರಿಕೆಗಳಿಗೆ ಕಳಿಸಿದ. ತಪ್ಪುಗಳನ್ನು ಬೇಕೆಂದೇ ಎದ್ದು ಕಾಣುವಂತೆ ಇಟ್ಟಿದ್ದ. 157 ಪತ್ರಿಕೆಗಳು ಒಪ್ಪಿಕೊಂಡವು. ಅವನು ಕಳಿಸಿದ ಪತ್ರಿಕೆಗಳಲ್ಲಿ ಮೂರರಲ್ಲಿ ಒಂದು ಪಾಲು ನಮ್ಮ ದೇಶದಲ್ಲಿ ನೆಲೆಯಿದ್ದವು ಎಂಬುದನ್ನು ಸೈನ್ಸ್ ಪತ್ರಿಕೆಯಲ್ಲಿ ಓದಿದ ದಿನ ಊಟ ಸೇರಲಿಲ್ಲ. ನಮ್ಮ ಬೆಂಗಳೂರಿನಿಂದಲೇ 1932ರಿಂದ ಬರುತ್ತಿರುವ ಕರೆಂಟ್ ಸೈನ್ಸ್‌ನಲ್ಲಿ 2018ರಲ್ಲಿ ಭೂಷಣ್ ಪಟವರ್ಧನ್ ಮತ್ತು ಸಂಗಡಿಗರು ಯುಜಿಸಿ ಒಪ್ಪಿದ ಪತ್ರಿಕೆಗಳ ಪಟ್ಟಿಯನ್ನೇ ಜರಡಿ ಹಿಡಿದರು. ವಿಶ್ವವಿದ್ಯಾಲಯಗಳು ಶಿಫಾರಸು ಮಾಡಿ ಸೇರಿಸಿದ್ದವುಗಳಲ್ಲಿ 1,009 ಪತ್ರಿಕೆಗಳನ್ನು ನೋಡಿದರೆ ಶೇಕಡಾ 88 ಕಳಪೆ. ಅದೇ ವರ್ಷ ಮೇ ತಿಂಗಳಲ್ಲಿ ಯುಜಿಸಿ 4,305 ಪತ್ರಿಕೆಗಳನ್ನು ಕಿತ್ತುಹಾಕಿತು. ಆಮೇಲೆ ಯುಜಿಸಿ ಕೇರ್ ಎಂಬ ಹೊಸ ಪಟ್ಟಿ ಬಂತು, 2025ರಲ್ಲಿ ಅದೂ ಹೋಯಿತು. 2022ರಲ್ಲಿ ಪಿಎಚ್‌ಡಿಗೆ ಪೇಪರ್ ಕಡ್ಡಾಯ ಎಂಬುದನ್ನೂ ಕೈಬಿಟ್ಟರು. ಪಟ್ಟಿಗಳು ಬರುತ್ತವೆ, ಹೋಗುತ್ತವೆ. ಹಾಗಾಗಿ ಪಟ್ಟಿ ನಂಬಿ ಕೂರಬೇಡ. ಆ ಪತ್ರಿಕೆಯ ಹಳೆಯ ಎರಡು ಸಂಚಿಕೆ ತೆರೆದು ನಾಲ್ಕು ಪ್ರಬಂಧ ಓದು. ಸಂಪಾದಕ ಮಂಡಳಿಯಲ್ಲಿರುವ ಒಬ್ಬರಿಗೆ ಇಮೇಲ್ ಮಾಡಿ, ನೀವು ನಿಜಕ್ಕೂ ಇದರಲ್ಲಿದ್ದೀರಾ ಎಂದು ಕೇಳು. ನನ್ನ ಹೆಸರು ಅಲ್ಲಿ ಹೇಗೆ ಬಂತೋ ಎಂದು ಗಾಬರಿಯಾದವರನ್ನು ನಾನು ಬಲ್ಲೆ. ದುಡ್ಡು ತೆಗೆದುಕೊಳ್ಳುವುದೊಂದೇ ಕಳ್ಳತನದ ಗುರುತಲ್ಲ, ಒಳ್ಳೆಯ ಮುಕ್ತ ಪತ್ರಿಕೆಗಳೂ ಶುಲ್ಕ ಕೇಳುತ್ತವೆ. ದೊಡ್ಡ ಹೆಸರು ಪ್ರಾಮಾಣಿಕತೆಯ ಗುರುತೂ ಅಲ್ಲ. ವೈಲಿ ಎಂಬ ದೊಡ್ಡ ಪ್ರಕಾಶಕರು ಕೊಂಡುಕೊಂಡ ಹಿಂದವಿ ಪತ್ರಿಕೆಗಳು 2023 ಒಂದೇ ವರ್ಷದಲ್ಲಿ 8,000ಕ್ಕೂ ಹೆಚ್ಚು ಪ್ರಬಂಧಗಳನ್ನು ವಾಪಸ್ ಪಡೆಯಬೇಕಾಯಿತು.

ಕೃತಿಚೌರ್ಯದ ಬಗ್ಗೆ ಬಹಳ ಹೇಳುವುದಿಲ್ಲ, ನಿನಗೆ ಗೊತ್ತಿದೆ. 2018ರ ಯುಜಿಸಿ ನಿಯಮದಲ್ಲಿ ಶೇಕಡಾ 10ರವರೆಗಿನ ಹೋಲಿಕೆಗೆ ದಂಡವಿಲ್ಲ ಎಂದಿದ್ದನ್ನು ನಮ್ಮವರು ಶೇಕಡಾ 10 ಕದಿಯಬಹುದು ಎಂದು ಓದಿಕೊಂಡರು. ಸಾಫ್ಟ್‌ವೇರ್ ಹಿಡಿಯದಂತೆ ಪದ ಬದಲಿಸುವ ಇನ್ನೊಂದು ಸಾಫ್ಟ್‌ವೇರ್ ಬಂತು. ಕನ್ನಡದಲ್ಲಿ ಅಷ್ಟೂ ಕಷ್ಟವಿಲ್ಲ. ಹಳೆಯ ನುಡಿ, ಬರಹ ಫಾಂಟಿನಲ್ಲಿ ಟೈಪಾದ ಪ್ರಬಂಧದಿಂದ ಎತ್ತಿದರೆ ಯಂತ್ರ ಹಿಡಿಯುವುದು ಕಷ್ಟ. ಹಿಡಿಯದಿದ್ದರೆ ಕದ್ದದ್ದಲ್ಲ ಎಂದಾಗುತ್ತದೆಯೇ? ಬೇರೆಯವರ ಮಾತಾದರೆ ಅವರ ಹೆಸರು ಹೇಳು, ಮುಗಿಯಿತು. ಹಾಗೇ ಒಂದು ಪ್ರಬಂಧ ಒಂದು ಪತ್ರಿಕೆಯಲ್ಲಿ ಪರಿಶೀಲನೆಯಲ್ಲಿರುವಾಗ ಇನ್ನೊಂದಕ್ಕೆ ಕಳಿಸಬೇಡ. ಎರಡೂ ಕಡೆ ಯಾರೋ ಪುಕ್ಕಟೆಯಾಗಿ ತಮ್ಮ ಭಾನುವಾರ ಕಳೆಯುತ್ತಿರುತ್ತಾರೆ.

ಹೆಸರು ಹಾಕುವ ವಿಷಯ ಇನ್ನೂ ಸೂಕ್ಷ್ಮ. ವೈದ್ಯಕೀಯ ಪತ್ರಿಕೆಗಳ ಅಂತರರಾಷ್ಟ್ರೀಯ ಸಂಪಾದಕರ ಸಮಿತಿ ಒಂದು ಅಳತೆ ಮಾಡಿಟ್ಟಿದೆ. ಕೆಲಸದಲ್ಲಿ ಗಣನೀಯ ಪಾಲಿರಬೇಕು, ಬರೆಯುವುದರಲ್ಲೋ ತಿದ್ದುವುದರಲ್ಲೋ ಕೈಯಿರಬೇಕು, ಕೊನೆಯ ಪ್ರತಿಯನ್ನು ಓದಿ ಒಪ್ಪಿರಬೇಕು, ಪ್ರಶ್ನೆ ಬಂದರೆ ಉತ್ತರಿಸಲು ತಯಾರಿರಬೇಕು. ನಾಲ್ಕೂ ಇದ್ದರೆ ಲೇಖಕ. ನಮ್ಮಲ್ಲಿ ಎಚ್‌ಓಡಿ ಆಗಿದ್ದರೆ ಸಾಕು. ಲ್ಯಾಬಿನ ಬೀಗದ ಕೈ ಕೊಟ್ಟವರ ಹೆಸರು ಮೊದಲು ಬರುತ್ತದೆ, ಹಗಲು ರಾತ್ರಿ ಮಾಡಿದ ಹುಡುಗಿಯ ಹೆಸರು ಕೊನೆಗೆ, ಕೆಲವೊಮ್ಮೆ ಅದೂ ಇಲ್ಲ. ಇದಕ್ಕೆ ಎದುರಾಡು ಎಂದು ನಾನು ಸುಲಭವಾಗಿ ಹೇಳಿಬಿಡಬಹುದು, ಪೆನ್ಶನ್ ತೆಗೆದುಕೊಂಡು ಕೂತವನಿಗೆ ಧೈರ್ಯ ಹೇಳಲು ಏನು ಖರ್ಚು? ಆದ್ದರಿಂದ ನಿನ್ನ ಕೈಲಾಗುವ ಒಂದು ಉಪಾಯ ಹೇಳುತ್ತೇನೆ. ಕೆಲಸ ಶುರುವಾಗುವ ಮೊದಲೇ, ಮನಸ್ಸುಗಳು ಇನ್ನೂ ಸಿಹಿಯಾಗಿರುವಾಗ, ಯಾರು ಏನು ಮಾಡುತ್ತಾರೆ, ಹೆಸರುಗಳ ಕ್ರಮ ಏನು ಎಂದು ಒಂದು ಇಮೇಲ್ ಬರೆದು ಎಲ್ಲರಿಗೂ ಕಳಿಸಿಬಿಡು. ಹೌದು ಎಂದು ಒಂದು ಸಾಲಿನ ಉತ್ತರ ತರಿಸಿಕೋ. ನಾಳೆ ನೀನೇ ಗೈಡ್ ಆಗುತ್ತೀಯ, ಆಗ ನಿನ್ನ ಸ್ಕಾಲರ್ ಹೀಗೊಂದು ಇಮೇಲ್ ಕಳಿಸಿದರೆ ಉದ್ಧಟತನ ಎಂದು ಮುಖ ಊದಿಸಿಕೊಳ್ಳಬೇಡ.

ತಪ್ಪಾಗಿಬಿಟ್ಟರೆ? ಎಚ್ಚರವಾಗಿದ್ದರೂ ಆಗುತ್ತದೆ. 2018ರಲ್ಲಿ ನೊಬೆಲ್ ಪಡೆದ ರಸಾಯನಶಾಸ್ತ್ರಜ್ಞೆ ಫ್ರಾನ್ಸಿಸ್ ಆರ್ನಾಲ್ಡ್ 2020ರ ಜನವರಿಯಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂದಿದ್ದ ತಮ್ಮ ಪ್ರಬಂಧವನ್ನು ವಾಪಸ್ ಪಡೆದರು. ಪ್ರಯೋಗ ಮತ್ತೆ ಮಾಡಿದಾಗ ಫಲಿತಾಂಶ ಬರಲಿಲ್ಲ, ಪ್ರಯೋಗದ ನೋಟ್‌ಬುಕ್‌ನಲ್ಲಿ ಕೆಲವು ದಾಖಲೆಗಳೂ ಇರಲಿಲ್ಲ. ನನ್ನ ಕೆಲಸ ನಾನು ಸರಿಯಾಗಿ ಮಾಡಲಿಲ್ಲ ಎಂದು ಅವರೇ ಟ್ವಿಟರ್‌ನಲ್ಲಿ ಊರಿಗೆಲ್ಲ ಹೇಳಿ ಕ್ಷಮೆ ಕೇಳಿದರು. ಅವರ ಮಾನವೇನೂ ಹೋಗಲಿಲ್ಲ. ನಮ್ಮಲ್ಲಿ ಪ್ರಬಂಧ ವಾಪಸ್ ಎಂದರೆ ಮನೆಗೆ ಸೂತಕ ಬಂದ ಹಾಗೆ ಮುಚ್ಚಿಡುತ್ತಾರೆ. ಆ ಮುಚ್ಚಿಡುವಿಕೆಯಿಂದಲೇ ಸಣ್ಣ ತಪ್ಪು ದೊಡ್ಡ ಸುಳ್ಳಾಗಿ ಬೆಳೆಯುತ್ತದೆ.

ಅದಕ್ಕೇ ಕೊನೆಗೊಂದು ಕೆಲಸ ಹೇಳುತ್ತೇನೆ. ಯೇಲ್‌ನಲ್ಲಿ ಸಿಗದಿದ್ದದ್ದು ಹಾಳೆಗಳು, ಆರ್ನಾಲ್ಡ್ ಲ್ಯಾಬಿನಲ್ಲಿ ಸಿಗದಿದ್ದದ್ದೂ ಹಾಳೆಗಳೇ. ನಿನ್ನ ಪ್ರತಿ ಪೇಪರ್‌ನ ಮೂಲ ಡೇಟಾ, ಕೋಡಿಂಗ್ ಮಾಡಿದ ಪಟ್ಟಿ, ಬಿಟ್ಟುಹಾಕಿದ ಉತ್ತರಗಳು, ಯಾಕೆ ಬಿಟ್ಟೆ ಎಂಬ ಟಿಪ್ಪಣಿ, ಎಲ್ಲವನ್ನೂ ಒಂದು ಕಡೆ ಇಡು. ಐದು ವರ್ಷ ಬಿಟ್ಟು ಅಪರಿಚಿತನೊಬ್ಬ ತೋರಿಸಿ ಎಂದರೆ ತೋರಿಸುವಂತಿರಬೇಕು. ಕಂಪ್ಯೂಟರ್‌ನಲ್ಲಿದೆಯಲ್ಲ ಎಂದು ಪ್ರಶ್ನಾವಳಿಗಳ ಕಟ್ಟನ್ನು ರದ್ದಿಗೆ ಹಾಕಬೇಡ. ಉತ್ತರ ಕೊಟ್ಟವರ ಹೆಸರು, ಫೋನ್ ನಂಬರ್ ಇರುವ ಹಾಳೆಗಳನ್ನು ಬೇರೆ ಮಾಡಿ ನಿನ್ನ ಬೀರುವಿನಲ್ಲಿ ಬೀಗ ಹಾಕಿಡು. ಉಳಿದದ್ದನ್ನು ಕಟ್ಟಿ, ಮೇಲೆ ವರ್ಷ ಬರೆದು, ಗೆದ್ದಲು ಹತ್ತದ ಕಡೆ ಇಡು. ನಿನ್ನ ಬಾಡಿಗೆ ಮನೆಯಲ್ಲಿ ಜಾಗ ಸಾಲದಿದ್ದರೆ ಸಂಕೋಚ ಬೇಡ, ನಮ್ಮ ಅಟ್ಟ ಖಾಲಿಯಿದೆ, ಆಟೋದಲ್ಲಿ ಹಾಕಿಕೊಂಡು ಬಂದುಬಿಡು.